ಹಳೆಯ ಸ್ಪೋರ್ಟ್ಸ್ ಕಾರು: ಕೊಳ್ಳುವ ಮುನ್ನ ತಪಾಸಣೆ ಮತ್ತು ಮೌಲ್ಯನಿರ್ಣಯ

ತೆಂಗಿನ ಸೀಮೆಯ ವರ್ತಕರಿಗೆ ಕಳೆದ ಕೆಲವು ವರ್ಷಗಳು ಏರಿಳಿತದ ಪಾಠವನ್ನು ಚೆನ್ನಾಗಿ ಕಲಿಸಿವೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ ರೂ. 11,750 ಇದ್ದಾಗ ತಿಪಟೂರು ಮಾರುಕಟ್ಟೆಯ ಧಾರಣೆ ಅದಕ್ಕಿಂತಲೂ ಕೆಳಗೆ ಕುಸಿದಿತ್ತು. ಎರಡೇ ವರ್ಷಗಳಲ್ಲಿ ಚಿತ್ರ ಬದಲಾಯಿತು. 2025ರ ಮಧ್ಯಭಾಗದ ವೇಳೆಗೆ ಧಾರಣೆಯು ಆ ಹಂಗಾಮಿನ ಬೆಂಬಲ ಬೆಲೆಯಾದ ರೂ. 12,100ರ ಎರಡು ಪಟ್ಟನ್ನೂ ಮೀರಿತು. ದಾಸ್ತಾನು ಇದ್ದವರ ಕೈಯಲ್ಲಿ ಹಣ ಓಡಾಡಿತು. ಹೀಗೆ ಹಣ ಬಂದಾಗ ಕೆಲವರು ತೋಟ ಕೊಳ್ಳುತ್ತಾರೆ, ಕೆಲವರು ಗೋದಾಮು ಕಟ್ಟುತ್ತಾರೆ. ಮನೆಯಲ್ಲಿ ಪ್ರಾಯಕ್ಕೆ ಬಂದ ಮಕ್ಕಳಿದ್ದರೆ ಬೆಂಗಳೂರಿನ ಹಳೆಯ ಕಾರುಗಳ ಮಾರಾಟ ಮಳಿಗೆಗಳತ್ತಲೂ ದೃಷ್ಟಿ ಹರಿಯುತ್ತದೆ. ಹೊಸದಿದ್ದಾಗ ನಲವತ್ತು ಐವತ್ತು ಲಕ್ಷ ಬೆಲೆಯಿದ್ದ ವೇಗದ ಕಾರು ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದೆಂದರೆ ಯಾರಿಗಾದರೂ ಆಸೆಯಾಗುವುದು ಸಹಜವೇ.

ಆಸೆ ಪಡುವುದು ತಪ್ಪಲ್ಲ. ಆದರೆ ಇಲ್ಲಿ ತೊಡಗುವ ಹಣ ಬಹುಪಾಲು ಸಂದರ್ಭಗಳಲ್ಲಿ ವ್ಯಾಪಾರದ ದುಡಿಯುವ ಬಂಡವಾಳವೇ ಆಗಿರುತ್ತದೆ. ಕೊಬ್ಬರಿ ವರ್ತಕರು ಚೀಲದ ಬಾಯಿಯಲ್ಲಿರುವ ಉಂಡೆಗಳನ್ನು ಮಾತ್ರ ನೋಡಿ ದರ ಹೇಳುವುದಿಲ್ಲ. ಚೀಲದ ತಳದಿಂದ ಮಾದರಿ ತೆಗೆದು, ಒಡೆದು, ತೇವ ನೋಡಿ, ಅನಂತರವೇ ಬೆಲೆ ಕಟ್ಟುತ್ತಾರೆ. ಇಪ್ಪತ್ತು ಲಕ್ಷ ರೂಪಾಯಿಯ ಕಾರನ್ನು ಕೊಳ್ಳುವಾಗ ಮಾತ್ರ ಹೊಳೆಯುವ ಬಣ್ಣವನ್ನು ನೋಡಿ ಮುಂಗಡ ಕೊಟ್ಟುಬಿಡುವುದು ಏಕೆ? ಹಳೆಯ ವೇಗದ ಕಾರಿನ ನಿಜವಾದ ಬೆಲೆಯೆಂದರೆ ಮಾರುವವರು ಹೇಳುವ ಮೊತ್ತವಲ್ಲ. ಆ ಮೊತ್ತಕ್ಕೆ ಹಿಂದಿನ ಮಾಲೀಕರು ಮುಂದೂಡಿದ ಖರ್ಚನ್ನೂ, ಕಾಗದಪತ್ರಗಳಲ್ಲಿ ಅಡಗಿರುವ ಹೊಣೆಗಳನ್ನೂ ಕೂಡಿಸಿದಾಗ ಬರುವ ಮೊತ್ತವೇ ಅದರ ಬೆಲೆ. ಈ ಲೆಕ್ಕವನ್ನು ಮಾಡುವ ಕ್ರಮವನ್ನು ಸದಸ್ಯರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ಬೆಲೆ ಇಳಿದರೂ ಖರ್ಚು ಇಳಿಯದು

ನಮ್ಮ ರಾಜ್ಯದ ಹಳೆಯ ಕಾರುಗಳ ಮಾರುಕಟ್ಟೆಯಲ್ಲಿ ವೇಗದ ಕಾರುಗಳೆಂದರೆ ಫೆರಾರಿ, ಪೋರ್ಷೆಗಳು ಮಾತ್ರವಲ್ಲ. 2017ರಲ್ಲಿ ಬಂದ 230 ಅಶ್ವಶಕ್ತಿಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 2020ರಲ್ಲಿ ಭಾರತಕ್ಕೆ 200 ಮಾತ್ರ ಆಮದಾದ ಅದರ 245 ಅಶ್ವಶಕ್ತಿಯ ಆವೃತ್ತಿ, 2021ರಿಂದ ದೇಶದಲ್ಲಿಯೇ ಜೋಡಣೆಯಾಗುತ್ತಿರುವ ಬಿಎಂಡಬ್ಲ್ಯು ಎಂ340ಐ, ಚಿಕ್ಕ ಗಾತ್ರದಲ್ಲಿ 2013ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ಮುಂತಾದವು ಈ ವರ್ಗಕ್ಕೆ ಸೇರುತ್ತವೆ.

ಇಂತಹ ಕಾರಿನ ಮಾರುಕಟ್ಟೆ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಆದರೆ ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಐವತ್ತು ಲಕ್ಷದ ಕಾರು ಇಪ್ಪತ್ತು ಲಕ್ಷಕ್ಕೆ ಬಂದರೂ ಅದರ ಬ್ರೇಕ್ ಡಿಸ್ಕು, ಟರ್ಬೊ, ಗೇರ್‌ಬಾಕ್ಸ್‌ಗಳು ಐವತ್ತು ಲಕ್ಷದ ಕಾರಿನವೇ. ದೊಡ್ಡ ಖರ್ಚೊಂದು ಎದುರಿಗೆ ಬಂದಾಗಲೇ ಅನೇಕ ಮಾಲೀಕರು ಕಾರನ್ನು ಮಾರಲು ಮುಂದಾಗುತ್ತಾರೆ ಎಂಬುದನ್ನು ಖರೀದಿದಾರರು ಮರೆಯಬಾರದು. ಮಾರಾಟಕ್ಕೆ ಕಾರಣವೇನೆಂದು ಕೇಳುವುದು ಮೊದಲ ಪ್ರಶ್ನೆಯಾಗಲಿ. ಉತ್ತರವನ್ನು ನಂಬುವುದಕ್ಕಿಂತ ದಾಖಲೆಗಳೊಡನೆ ತಾಳೆ ನೋಡುವುದು ಲೇಸು.

ಮೊದಲ ಹಂತ: ಕಾಗದಪತ್ರಗಳ ಪರಿಶೀಲನೆ

ಕಾರನ್ನು ನೋಡಲು ಬೆಂಗಳೂರಿಗೆ ಹೊರಡುವ ಮುನ್ನವೇ ಈ ಹಂತವನ್ನು ಮುಗಿಸಬಹುದು. ನೋಂದಣಿ ಪತ್ರದ ಪ್ರತಿಯನ್ನು ತರಿಸಿಕೊಂಡು, ಪರಿವಾಹನ್ ಜಾಲತಾಣದಲ್ಲಿ ಕೆಳಕಂಡ ವಿವರಗಳನ್ನು ತಾಳೆ ನೋಡತಕ್ಕದ್ದು.

1. ಮಾಲೀಕರ ಹೆಸರು ಮತ್ತು ಮಾಲೀಕತ್ವದ ಕ್ರಮಸಂಖ್ಯೆ. ಮಾರುವವರೇ ಮಾಲೀಕರೋ, ಮಧ್ಯವರ್ತಿಯೋ ಎಂಬುದು ಇಲ್ಲಿಯೇ ತಿಳಿಯುತ್ತದೆ. ಮಾಲೀಕತ್ವ ಪಾಲುದಾರಿಕೆ ಸಂಸ್ಥೆಯ ಅಥವಾ ಕಂಪನಿಯ ಹೆಸರಿನಲ್ಲಿದ್ದರೆ ಸಹಿ ಮಾಡುವವರಿಗೆ ಅಧಿಕಾರವಿದೆಯೇ ಎಂಬುದಕ್ಕೆ ಲಿಖಿತ ಪುರಾವೆ ಬೇಕು.

2. ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳು. ಇವುಗಳನ್ನು ಮುಂದೆ ಕಾರಿನ ಮೇಲೆ ಕೊರೆದಿರುವ ಸಂಖ್ಯೆಗಳೊಂದಿಗೆ ಅಕ್ಷರಶಃ ಹೋಲಿಸಬೇಕು.

3. ಸಾಲದ ನಮೂದು. ಬ್ಯಾಂಕಿನ ಅಥವಾ ಹಣಕಾಸು ಸಂಸ್ಥೆಯ ಹೆಸರು ಇದ್ದರೆ, ಸಾಲ ತೀರಿದೆ ಎಂಬ ಬಾಯಿಮಾತು ಸಾಲದು. ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ನಮೂನೆ 35 ಕೈಸೇರಬೇಕು. ಸಾಲ ಬಾಕಿಯಿದ್ದಲ್ಲಿ ಬಾಕಿಯನ್ನು ನೇರವಾಗಿ ಬ್ಯಾಂಕಿನ ಸಾಲದ ಖಾತೆಗೇ ಪಾವತಿಸಿ, ಉಳಿದುದನ್ನು ಮಾತ್ರ ಮಾಲೀಕರಿಗೆ ನೀಡುವುದು ಸುರಕ್ಷಿತ.

4. ಬಾಕಿಯಿರುವ ಸಂಚಾರ ದಂಡಗಳು, ತೆರಿಗೆ ಹಾಗೂ ಕಪ್ಪುಪಟ್ಟಿಯ ನಮೂದು. ವೇಗದ ಕಾರುಗಳಿಗೆ ಅತಿವೇಗದ ದಂಡಗಳು ಹೆಚ್ಚಾಗಿರುವುದು ಆಶ್ಚರ್ಯವಲ್ಲ. ಆ ಪಟ್ಟಿಯೇ ಕಾರನ್ನು ಹೇಗೆ ಓಡಿಸಲಾಗಿದೆ ಎಂಬುದಕ್ಕೆ ಒಂದು ಸಾಕ್ಷ್ಯ.

5. ವಿಮೆಯ ಇತಿಹಾಸ. ವಿಮಾ ಪಾಲಿಸಿಯಲ್ಲಿ ಕ್ಲೇಮು ರಹಿತ ರಿಯಾಯಿತಿ ಶೂನ್ಯವಿದ್ದರೆ, ಇತ್ತೀಚೆಗೆ ಅಪಘಾತದ ಪರಿಹಾರ ಪಡೆದಿರುವ ಸಾಧ್ಯತೆ ಇದೆ. ಯಾವ ಹಾನಿಗೆ, ಎಷ್ಟು ಮೊತ್ತ ಎಂಬುದನ್ನು ಮಾಲೀಕರಿಂದಲೇ ಲಿಖಿತವಾಗಿ ಕೇಳಬೇಕು.

6. ಅಧಿಕೃತ ಸರ್ವಿಸ್ ಕೇಂದ್ರದ ದಾಖಲೆ. ಚಾಸಿಸ್ ಸಂಖ್ಯೆಯ ಆಧಾರದ ಮೇಲೆ ಮಾಲೀಕರ ಸಮ್ಮತಿಯೊಡನೆ ಪ್ರತಿಯೊಂದು ಭೇಟಿಯ ದಿನಾಂಕ, ಕಿಲೋಮೀಟರ್ ಮತ್ತು ಮಾಡಿದ ಕೆಲಸದ ವಿವರವನ್ನು ಪಡೆಯಬಹುದು. ಒಂದು ಭೇಟಿಗಿಂತ ಮುಂದಿನ ಭೇಟಿಯಲ್ಲಿ ಕಿಲೋಮೀಟರ್ ಕಡಿಮೆಯಾಗಿದ್ದರೆ ಆ ವ್ಯವಹಾರವನ್ನು ಅಲ್ಲಿಗೇ ಕೈಬಿಡುವುದು ಒಳ್ಳೆಯದು.

ಮಾರಾಟ ಮಳಿಗೆಯಿಂದ ಕೊಳ್ಳುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಕೇಂದ್ರ ಸರ್ಕಾರವು 2022ರ ಡಿಸೆಂಬರ್‌ನಲ್ಲಿ ಹೊರಡಿಸಿದ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಅವುಗಳ ಪ್ರಕಾರ ನೋಂದಾಯಿತ ವಾಹನಗಳನ್ನು ಮಾರುವ ವ್ಯಾಪಾರಿ ಸಾರಿಗೆ ಇಲಾಖೆಯ ಅಧಿಕಾರಪತ್ರ ಹೊಂದಿರಬೇಕು. ಮಾಲೀಕರು ವಾಹನವನ್ನು ವ್ಯಾಪಾರಿಗೆ ಒಪ್ಪಿಸಿದುದನ್ನು ನಮೂನೆ 29ಸಿಯಲ್ಲಿ ಇಲಾಖೆಗೆ ತಿಳಿಸಿರಬೇಕು. ಇವೆರಡನ್ನೂ ತೋರಿಸಲು ಹಿಂಜರಿಯುವ ಮಳಿಗೆಯಲ್ಲಿ ಮುಂಗಡ ಕೊಡಬಾರದು.

ಹೊರ ರಾಜ್ಯದ ನೋಂದಣಿಯ ಹೊಣೆ

ಹೊರ ರಾಜ್ಯದ ಸಂಖ್ಯೆಯ ಕಾರು ಎರಡು ಮೂರು ಲಕ್ಷ ಅಗ್ಗವಾಗಿ ಕಂಡರೆ ಅದಕ್ಕೆ ಕಾರಣವಿದೆ. ಕರ್ನಾಟಕದಲ್ಲಿ ರೂ. 20 ಲಕ್ಷ ಮೀರಿದ ಕಾರಿನ ಜೀವಾವಧಿ ತೆರಿಗೆಯ ದರ ಶೇ. 18; ಆ ತೆರಿಗೆಯ ಮೇಲೆ ಉಪಕರವೂ ಉಂಟು. ಅನ್ಯ ರಾಜ್ಯದ ಕಾರನ್ನು ಇಲ್ಲಿಗೆ ತಂದಾಗ ತೆರಿಗೆ ನಿಗದಿಯಾಗುವುದು ತಾವು ಕೊಟ್ಟ ಬೆಲೆಯ ಮೇಲಲ್ಲ; ಹೊಸದಿದ್ದಾಗಿನ ಬೆಲೆಯ ಆಧಾರದ ಮೇಲೆ, ವಾಹನದ ವಯಸ್ಸಿಗೆ ತಕ್ಕ ಪ್ರಮಾಣವನ್ನು ಕಳೆದು. ಮೋಟಾರು ವಾಹನ ಕಾಯಿದೆಯ 47ನೇ ಕಲಮಿನಂತೆ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇರಿಸಿದ ವಾಹನಕ್ಕೆ ಆ ರಾಜ್ಯದ ನೋಂದಣಿ ಸಂಖ್ಯೆ ಪಡೆಯುವುದು ಕಡ್ಡಾಯ.

ಈ ವಿಷಯದಲ್ಲಿ ಇಲಾಖೆ ಸುಮ್ಮನಿಲ್ಲ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಕಾರ್ಯಾಚರಣೆಯಲ್ಲಿ ಸಾರಿಗೆ ಅಧಿಕಾರಿಗಳು ಫೆರಾರಿ, ಪೋರ್ಷೆ, ಆಸ್ಟನ್ ಮಾರ್ಟಿನ್ ಸೇರಿದಂತೆ 30 ದುಬಾರಿ ಕಾರುಗಳನ್ನು ತೆರಿಗೆ ಬಾಕಿಗಾಗಿ ವಶಕ್ಕೆ ಪಡೆದರು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರದಲ್ಲಿ ನೋಂದಣಿಯಾಗಿದ್ದ ಒಂದು ಫೆರಾರಿಯ ಮಾಲೀಕರು ದಂಡಸಹಿತವಾಗಿ ಸುಮಾರು ರೂ. 1.41 ಕೋಟಿ ಪಾವತಿಸಬೇಕಾಯಿತು. ಮೊತ್ತ ಚಿಕ್ಕದಾದರೂ ನಿಯಮ ಎಲ್ಲರಿಗೂ ಒಂದೇ.

ಆದುದರಿಂದ ಹೊರ ರಾಜ್ಯದ ಕಾರಾದರೆ, ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರವನ್ನು, ಅಂದರೆ ನಮೂನೆ 28ನ್ನು, ಹಣ ಕೊಡುವ ಮೊದಲೇ ಪಡೆಯಬೇಕು. ಇಲ್ಲಿ ಕಟ್ಟಬೇಕಾದ ತೆರಿಗೆಯನ್ನು ತಿಪಟೂರಿನ ಕೆಎ-44 ಕಚೇರಿಯಲ್ಲಿ ವಿಚಾರಿಸಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೂಲ ರಾಜ್ಯದಿಂದ ಮರಳಬಹುದಾದ ತೆರಿಗೆ ಯಾರಿಗೆ ಸೇರತಕ್ಕದ್ದು ಎಂಬುದನ್ನೂ ಕರಾರಿನಲ್ಲಿ ಬರೆಯಿಸಬೇಕು. 2021ರಲ್ಲಿ ಆರಂಭವಾದ ಬಿಎಚ್ ಸರಣಿಯ ಸಂಖ್ಯೆಯಿದ್ದರೂ ಇದೇ ಎಚ್ಚರ ಅಗತ್ಯ. ಆ ಸರಣಿ ಸರ್ಕಾರಿ ನೌಕರರಿಗೆ ಹಾಗೂ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಸಂಸ್ಥೆಗಳ ನೌಕರರಿಗೆ ಮೀಸಲು. ನಮ್ಮ ವರ್ತಕರ ಹೆಸರಿಗೆ ಬರುವಾಗ ರಾಜ್ಯದ ಸಂಖ್ಯೆ ಪಡೆದು ತೆರಿಗೆ ಕಟ್ಟಬೇಕಾಗುತ್ತದೆ.

ಎರಡನೆಯ ಹಂತ: ಭೌತಿಕ ತಪಾಸಣೆ

ದಾಸ್ತಾನಿನ ಪುಸ್ತಕ ಸರಿಯಿದ್ದರೂ ಲೆಕ್ಕಪರಿಶೋಧಕರು ಗೋದಾಮಿಗೆ ಹೋಗಿ ಎಣಿಸುವಂತೆ, ಕಾಗದಗಳು ಸರಿಯಿದ್ದರೂ ಕಾರನ್ನು ಕಣ್ಣಾರೆ ನೋಡಬೇಕು. ಹಗಲು ಬೆಳಕಿನಲ್ಲಿ, ಒಣಗಿದ ಕಾರನ್ನೇ ನೋಡಬೇಕು. ಆಗತಾನೆ ತೊಳೆದು ನೀರು ಹನಿಯುತ್ತಿರುವ ಕಾರಿನಲ್ಲಿ ಬಣ್ಣದ ದೋಷಗಳು ಮರೆಯಾಗುತ್ತವೆ.

ದೇಹ ಮತ್ತು ಬಣ್ಣ: ಬಣ್ಣದ ದಪ್ಪ ಅಳೆಯುವ ಉಪಕರಣ ಚಿಕ್ಕದು, ಆದರೆ ಬಹಳ ಉಪಯುಕ್ತ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್ ಇರುತ್ತದೆ. ಒಂದು ಬಾಗಿಲು ಅದರ ಎರಡರಷ್ಟು ತೋರಿಸಿದರೆ ಮರುಬಣ್ಣವಾಗಿದೆ. ಹಲವು ಪಟ್ಟು ತೋರಿಸಿದರೆ ಒಳಗೆ ಪುಟ್ಟಿ ತುಂಬಿದೆ. ಬಾನೆಟ್ ಮತ್ತು ಮಡ್‌ಗಾರ್ಡ್‌ಗಳ ಬೋಲ್ಟಿನ ತಲೆಗಳಲ್ಲಿ ಸ್ಪ್ಯಾನರಿನ ಗುರುತು ಇದೆಯೇ, ಎಲ್ಲ ಗಾಜುಗಳ ಮೇಲಿನ ತಯಾರಿಕಾ ವರ್ಷ ಒಂದೇ ಆಗಿದೆಯೇ ಎಂದು ನೋಡಬೇಕು. ಸಣ್ಣ ಗೀರಿಗೆ ಬಣ್ಣ ಬಳಿದಿರುವುದು ದೋಷವಲ್ಲ. ಚಾಸಿಸ್ಸಿನ ತೊಲೆಗಳನ್ನು ನೆಟ್ಟಗೆ ಮಾಡಿ ವೆಲ್ಡಿಂಗ್ ಮಾಡಿದ ಕಾರು ಮಾತ್ರ ಯಾವ ಬೆಲೆಗೂ ಬೇಡ. ವೇಗದಲ್ಲಿ ಅದು ಪ್ರಾಣಾಪಾಯ.

ನೆರೆಯ ನೀರು: 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಯಮಲೂರು, ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ ಅನೇಕ ದುಬಾರಿ ಕಾರುಗಳು ನೀರಿನಲ್ಲಿ ಮುಳುಗಿದ್ದವು. 2015ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿಯೂ ಹಾಗೆಯೇ ಆಗಿತ್ತು. ನೀರು ಕುಡಿದ ಕಾರಿನ ತಂತಿಗಳ ಕೀಲುಗಳು ನಿಧಾನವಾಗಿ ಕಿಲುಬು ಹಿಡಿಯುತ್ತವೆ. ತೊಂದರೆ ತಿಂಗಳುಗಳ ಬಳಿಕ ಒಂದೊಂದಾಗಿ ಹೊರಬೀಳುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಕಲೆ ಇದೆಯೇ ನೋಡಬೇಕು. ಸೀಟಿನ ಕೆಳಗಿನ ಹಳಿಗಳಲ್ಲಿ ತುಕ್ಕು, ಸ್ಟೆಪ್ನಿಯ ಗುಂಡಿಯಲ್ಲಿ ಮಣ್ಣು, ದೀಪಗಳೊಳಗೆ ಮಂಜು, ನೆಲಹಾಸಿನಲ್ಲಿ ಮುಗ್ಗಲು ವಾಸನೆ ಇವು ಇತರ ಲಕ್ಷಣಗಳು. ಹೊಸ ನೆಲಹಾಸು ಹಾಗೂ ಅತಿಯಾದ ಸುಗಂಧ ಕೂಡ ಸಂಶಯಕ್ಕೆ ಎಡೆ ಕೊಡತಕ್ಕವು.

ಎಂಜಿನ್: ಎಂಜಿನ್ ಪೂರ್ಣ ತಣ್ಣಗಿರುವಾಗ ಚಾಲೂ ಮಾಡಿ ಕೇಳಬೇಕು. ತಾವು ತಲುಪುವ ಮುನ್ನವೇ ಎಂಜಿನ್ ಬಿಸಿಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುವುದಾಗಿ ಹೇಳುವುದು ಉತ್ತಮ. ತಣ್ಣನೆಯ ಎಂಜಿನ್ ಚಾಲೂ ಆದ ಮೊದಲ ಕೆಲವು ಸೆಕೆಂಡುಗಳಲ್ಲಿ ಸರಪಳಿ ಅಲುಗುವ ಶಬ್ದ ಕೇಳಿದರೆ ಟೈಮಿಂಗ್ ಚೈನು ಸಡಿಲಾಗಿರಬಹುದು. ನೀಲಿ ಹೊಗೆ ತೈಲ ಉರಿಯುತ್ತಿರುವುದನ್ನೂ, ಎಂಜಿನ್ ಬಿಸಿಯಾದ ಬಳಿಕವೂ ನಿಲ್ಲದ ಬಿಳಿ ಹೊಗೆ ಕೂಲೆಂಟ್ ಒಳಸೇರುತ್ತಿರುವುದನ್ನೂ, ಕಪ್ಪು ಹೊಗೆ ಇಂಧನ ಹೆಚ್ಚಾಗಿ ಹೋಗುತ್ತಿರುವುದನ್ನೂ ಸೂಚಿಸುತ್ತವೆ. ತೈಲದ ಮುಚ್ಚಳದ ಒಳಭಾಗದಲ್ಲಿ ಮೊಸರಿನಂತಹ ಬಿಳಿ ಪದಾರ್ಥ ಅಂಟಿದ್ದರೆ ತೈಲದಲ್ಲಿ ನೀರು ಬೆರೆತಿರಬಹುದು. ಟರ್ಬೊ ಇರುವ ಕಾರಿನಲ್ಲಿ ಅದರ ಕೊಳವೆಗಳೊಳಗೆ ತೈಲ ನಿಂತಿದೆಯೇ ಎಂಬುದನ್ನು ಮೆಕ್ಯಾನಿಕ್ಕರಿಂದ ನೋಡಿಸಬೇಕು. ಸಿಲಿಂಡರುಗಳ ಕಂಪ್ರೆಷನ್ ಪರೀಕ್ಷೆಗೆ ಆಗುವ ವೆಚ್ಚ ಎಂಜಿನ್ ಬಿಚ್ಚುವ ವೆಚ್ಚದ ಮುಂದೆ ಏನೂ ಅಲ್ಲ.

ಗೇರ್‌ಬಾಕ್ಸ್: ಎರಡು ಕ್ಲಚ್ಚಿನ ಸ್ವಯಂಚಾಲಿತ ಗೇರ್‌ಬಾಕ್ಸ್ ಇಂತಹ ಕಾರುಗಳ ದುಬಾರಿ ಅಂಗ. ಪೋಲೋ ಜಿಟಿಯಲ್ಲಿದ್ದ ಏಳು ಗೇರಿನ ಒಣ ಕ್ಲಚ್ಚಿನ ಬಗೆಯು ನಗರದ ನಿಂತು ಹೊರಡುವ ಸಂಚಾರದಲ್ಲಿ ಬೇಗ ಬಿಸಿಯಾಗುತ್ತದೆ. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಎಳೆದಾಟವಿದ್ದರೆ ದೊಡ್ಡ ಖರ್ಚು ಸಮೀಪಿಸಿದೆ ಎಂದು ತಿಳಿಯಬೇಕು. ತೈಲದಲ್ಲಿ ಮುಳುಗಿರುವ ಕ್ಲಚ್ಚಿನ ಆರು ಗೇರಿನ ಬಗೆ ಹೆಚ್ಚು ಗಟ್ಟಿ. ಆದರೆ ಅದರ ತೈಲವನ್ನು 60,000 ಕಿ.ಮೀ.ಗೊಮ್ಮೆ ಬದಲಾಯಿಸಿರುವ ಬಿಲ್ಲು ಇರಲೇಬೇಕು.

ಬ್ರೇಕು ಮತ್ತು ಟೈರು: ಟೈರಿನ ಮೇಲಿನ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ಹೇಳುತ್ತವೆ. 3521 ಎಂದರೆ 2021ರ 35ನೇ ವಾರ. ಹೊಸ ಟೈರುಗಳಂತೆ ಕಂಡರೂ ಐದಾರು ವರ್ಷ ಹಳೆಯವಾಗಿದ್ದರೆ ಅವನ್ನು ಬದಲಿಸುವ ವೆಚ್ಚವನ್ನು ಬೆಲೆಯಿಂದ ಕಳೆಯಬೇಕು. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ ಅಥವಾ ಹಿಂದೆ ಅಪಘಾತವಾಗಿದೆ. ಬ್ರೇಕ್ ಡಿಸ್ಕಿನ ಅಂಚಿನಲ್ಲಿ ಬೆರಳಿಗೆ ಸಿಗುವ ಏಣು ಇದ್ದರೆ ಡಿಸ್ಕು ಸವೆದಿದೆ.

ಕೆಳಭಾಗ: ನಮ್ಮ ಪ್ರದೇಶಕ್ಕೆ ಇದು ವಿಶೇಷವಾಗಿ ಮುಖ್ಯ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ರಸ್ತೆ ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ದಬ್ಬೇಘಟ್ಟ, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಹಳ್ಳಿ ರಸ್ತೆಗಳ ಉಬ್ಬುಗಳು ಈ ಅಳತೆಗೆ ಬದ್ಧವಾಗಿಲ್ಲ ಎಂಬುದನ್ನು ಎಲ್ಲರೂ ಬಲ್ಲರು. ಕಾರನ್ನು ಲಿಫ್ಟಿನ ಮೇಲೆ ಏರಿಸಿ, ತೈಲದ ತೊಟ್ಟಿ ಮತ್ತು ಸೈಲೆನ್ಸರ್ ಕೊಳವೆ ಉಜ್ಜಿದೆಯೇ ನೋಡಬೇಕು. ಅದರೊಡನೆ, ಈ ಕಾರು ತಮ್ಮ ತೋಟದ ಮನೆಯ ದಾರಿಯಲ್ಲಿ ಬರಬಲ್ಲುದೇ ಎಂಬ ಸರಳ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು.

ಗಣಕದ ದಾಖಲೆ: ಇಂದಿನ ಕಾರು ತನ್ನ ಲೆಕ್ಕವನ್ನು ತಾನೇ ಬರೆದಿಡುತ್ತದೆ. ಸ್ಕ್ಯಾನರ್ ಜೋಡಿಸಿ ದೋಷಗಳ ಸಂಕೇತಗಳನ್ನು ಓದಿಸಬೇಕು. ದೋಷವೇ ಇಲ್ಲದೆ, ಆದರೆ ಸ್ವಯಂತಪಾಸಣೆಗಳು ಇನ್ನೂ ಮುಗಿದಿಲ್ಲ ಎಂದು ತೋರಿಸಿದರೆ, ದೋಷಗಳನ್ನು ಆಗತಾನೆ ಅಳಿಸಲಾಗಿದೆ ಎಂಬ ಅನುಮಾನಕ್ಕೆ ಆಸ್ಪದವಿದೆ. ಅನೇಕ ಮಾದರಿಗಳಲ್ಲಿ ಓಡಿದ ಕಿಲೋಮೀಟರ್ ಮೀಟರಿನಲ್ಲಿ ಮಾತ್ರವಲ್ಲದೆ ಬೇರೆ ಘಟಕಗಳಲ್ಲಿಯೂ ದಾಖಲಾಗಿರುತ್ತದೆ. ಅವೆಲ್ಲ ಒಂದಕ್ಕೊಂದು ತಾಳೆಯಾಗಬೇಕು. ಪೋರ್ಷೆ ಕಾರುಗಳಲ್ಲಿ ಎಂಜಿನ್ ಮಿತಿಮೀರಿ ಸುತ್ತಿದ ಸಂದರ್ಭಗಳನ್ನು ಶ್ರೇಣಿವಾರಾಗಿ ಓದಬಹುದು. ಮೀಟರು ಮೂವತ್ತು ಸಾವಿರ ತೋರಿಸುತ್ತಿದ್ದು ಪೆಡಲಿನ ರಬ್ಬರ್, ಸ್ಟೀರಿಂಗಿನ ಚರ್ಮ, ಚಾಲಕರ ಸೀಟಿನ ಅಂಚು ನುಣುಪಾಗಿ ಸವೆದಿದ್ದರೆ ಮೀಟರಿಗಿಂತ ಸವೆತವನ್ನೇ ನಂಬಬೇಕು.

ಮಾರ್ಪಾಡುಗಳು: ಶಕ್ತಿ ಹೆಚ್ಚಿಸಲು ಎಂಜಿನ್ ಗಣಕದ ತಂತ್ರಾಂಶ ಬದಲಾಯಿಸುವುದು, ಸೈಲೆನ್ಸರ್ ಬದಲಾಯಿಸುವುದು ಇಂತಹ ಕಾರುಗಳಲ್ಲಿ ಸಾಮಾನ್ಯ. ಮೋಟಾರು ವಾಹನ ಕಾಯಿದೆಯ 52ನೇ ಕಲಮು ತಯಾರಕರ ಮೂಲ ವಿವರಣೆಗೆ ಭಿನ್ನವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಮಾರ್ಪಾಡಾದ ಕಾರಿಗೆ ವಾರಂಟಿ ಇಲ್ಲವಾಗುವುದಲ್ಲದೆ, ವಿಮಾ ಪರಿಹಾರಕ್ಕೂ ತಕರಾರು ಬರಬಹುದು. ಮಾರುವವರು ‘ಲಕ್ಷಗಟ್ಟಲೆ ಖರ್ಚು ಮಾಡಿ ಹಾಕಿಸಿದ್ದು’ ಎಂದು ಹೇಳುವ ಭಾಗಗಳಿಗೆ ಬೆಲೆ ಕೊಡುವ ಬದಲು, ಅವನ್ನು ತೆಗೆಸಿ ಮೂಲಸ್ಥಿತಿಗೆ ತರುವ ವೆಚ್ಚವನ್ನು ಕಳೆಯುವುದೇ ನ್ಯಾಯ.

ಇಂಧನ: ಈಗ ಬಂಕುಗಳಲ್ಲಿ ದೊರೆಯುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲು. ಹಳೆಯ ಮಾದರಿಗಳು ಎಷ್ಟು ಪ್ರಮಾಣದ ಎಥನಾಲನ್ನು ತಾಳುತ್ತವೆ ಎಂಬುದು ಕಾರಿನ ಕೈಪಿಡಿಯಲ್ಲಿಯೂ ಇಂಧನದ ಮುಚ್ಚಳದ ಒಳಗೂ ನಮೂದಾಗಿರುತ್ತದೆ. ಅದನ್ನು ಓದದೆ ಕೊಳ್ಳಬಾರದು.

ಕೊನೆಗೆ, ಕನಿಷ್ಠ 20 ಕಿ.ಮೀ. ಚಾಲನಾ ಪರೀಕ್ಷೆ ಆಗಬೇಕು. ಹೆದ್ದಾರಿ, ಗುಂಡಿಯ ರಸ್ತೆ, ಏರು ಇವೆಲ್ಲ ಇರಲಿ. ರೇಡಿಯೋ ನಿಲ್ಲಿಸಿ, ಶಬ್ದಗಳಿಗೆ ಕಿವಿಗೊಟ್ಟು ಓಡಿಸಬೇಕು. ಬ್ರೇಕ್ ಹಾಕಿದಾಗ ಕಾರು ಒಂದು ಬದಿಗೆ ಎಳೆಯಬಾರದು, ಸ್ಟೀರಿಂಗ್ ನಡುಗಬಾರದು. ಈ ಎಲ್ಲ ತಪಾಸಣೆಯನ್ನು ಆ ಕಂಪನಿಯ ಕಾರುಗಳಲ್ಲಿ ಪಳಗಿದ, ಮಾರುವವರಿಗೆ ಸಂಬಂಧವಿಲ್ಲದ ತಜ್ಞರಿಂದ ಮಾಡಿಸಿ ಲಿಖಿತ ವರದಿ ಪಡೆಯಬೇಕು. ಇದಕ್ಕೆ ಒಪ್ಪದ ಮಾರಾಟಗಾರರ ಕಾರನ್ನು ಬಿಟ್ಟುಬಿಡುವುದೇ ವಿವೇಕ.

ಮೂರನೆಯ ಹಂತ: ಮೌಲ್ಯನಿರ್ಣಯ

ತಪಾಸಣೆಯ ವರದಿಯನ್ನು ಹಣದ ಭಾಷೆಗೆ ತಂದರೆ ಮಾತ್ರ ಅದರಿಂದ ಪ್ರಯೋಜನ. ಕೆಳಗಿನ ಅಂಕಿಗಳು ವಿಧಾನವನ್ನು ತೋರಿಸಲು ಕಲ್ಪಿಸಿದ ಉದಾಹರಣೆ ಮಾತ್ರ.

ಮಾರುವವರು ಕೇಳುವ ಬೆಲೆ ರೂ. 24,00,000 ಎಂದಿರಲಿ. ಅದೇ ಮಾದರಿಯ, ಅದೇ ವಯಸ್ಸಿನ, ಸುಸ್ಥಿತಿಯಲ್ಲಿರುವ ಕಾರಿನ ಮಾರುಕಟ್ಟೆ ಬೆಲೆ ರೂ. 23,00,000. ಇದರಿಂದ ನಾಲ್ಕು ಟೈರುಗಳಿಗೆ ರೂ. 90,000, ಮುಂದಿನ ಬ್ರೇಕುಗಳಿಗೆ ರೂ. 70,000, ಸಸ್ಪೆನ್ಷನ್ ಭಾಗಗಳಿಗೆ ರೂ. 80,000, ಗೇರ್ ತೈಲ ಹಾಗೂ ಬಾಕಿಯಿರುವ ಸರ್ವಿಸ್‌ಗೆ ರೂ. 60,000, ಹೀಗೆ ಒಟ್ಟು ರೂ. 3,00,000 ಕಳೆಯಬೇಕು. ಉಳಿಯುವುದು ರೂ. 20,00,000. ಕಣ್ಣಿಗೆ ಕಾಣದ ದೋಷಗಳಿಗೆ ಶೇ. 5ರಂತೆ ರೂ. 1,00,000 ಕಾದಿರಿಸಿದರೆ, ಕೊಡಬಹುದಾದ ಗರಿಷ್ಠ ಬೆಲೆ ರೂ. 19,00,000. ದುರಸ್ತಿಗೆ ರೂ. 3,00,000, ಕಾದಿರಿಸಿದ ರೂ. 1,00,000, ವಿಮೆ, ವರ್ಗಾವಣೆ ಮತ್ತು ತಪಾಸಣೆಗೆ ರೂ. 1,00,000 ಸೇರಿಸಿದರೆ ಒಟ್ಟು ತೊಡಗುವ ಹಣ ರೂ. 24,00,000. ಕೇಳಿದ ಬೆಲೆಗೇ ಕೊಂಡಿದ್ದರೆ ಇದೇ ಕಾರಿಗೆ ಒಟ್ಟು ರೂ. 29,00,000 ಬೇಕಾಗುತ್ತಿತ್ತು.

ಇಲ್ಲಿಗೆ ಲೆಕ್ಕ ಮುಗಿಯಲಿಲ್ಲ. ಇಟ್ಟುಕೊಳ್ಳುವ ವೆಚ್ಚವನ್ನೂ ನೋಡಬೇಕು. ರೂ. 24 ಲಕ್ಷಕ್ಕೆ ವಾರ್ಷಿಕ ಶೇ. 10ರಂತೆ ಬಡ್ಡಿ ರೂ. 2,40,000, ವಿಮೆ ರೂ. 60,000, ಸರ್ವಿಸ್ ಮತ್ತು ಟೈರಿನ ನಿಧಿ ರೂ. 1,50,000, ಕೊಂಡ ಬೆಲೆಯಲ್ಲಿ ಶೇ. 10ರ ಇಳಿಕೆ ರೂ. 1,90,000. ಒಟ್ಟು ರೂ. 6,40,000. ಪೆಟ್ರೋಲನ್ನು ಬಿಟ್ಟು ತಿಂಗಳಿಗೆ ರೂ. 53,000ಕ್ಕೂ ಹೆಚ್ಚು. ಕೊಬ್ಬರಿ ಕ್ವಿಂಟಲಿಗೆ ರೂ. 20,000 ಎಂದಿಟ್ಟುಕೊಂಡರೆ ರೂ. 24 ಲಕ್ಷವೆಂದರೆ 120 ಕ್ವಿಂಟಲ್ ದಾಸ್ತಾನು. ಆ ದಾಸ್ತಾನನ್ನು ಬಿಟ್ಟು ಮುಂದಿನ ಹಂಗಾಮು ನಡೆಸಬಲ್ಲೆವೇ, ಧಾರಣೆ ಮತ್ತೆ 2023ರಂತೆ ಕುಸಿದರೂ ಈ ಮಾಸಿಕ ವೆಚ್ಚ ಭರಿಸಬಲ್ಲೆವೇ ಎಂಬ ಪ್ರಶ್ನೆಗೆ ಪ್ರತಿಯೊಬ್ಬರೂ ತಮ್ಮ ಪುಸ್ತಕಗಳನ್ನು ನೋಡಿ ಉತ್ತರ ಕಂಡುಕೊಳ್ಳಬೇಕು.

ತೆರಿಗೆ ಮತ್ತು ಲೆಕ್ಕಪತ್ರ

ನಗದು ಪಾವತಿ: ವ್ಯವಹಾರದ ಆಸ್ತಿಯನ್ನು ಕೊಳ್ಳಲು ಒಬ್ಬರಿಗೆ ಒಂದು ದಿನದಲ್ಲಿ ರೂ. 10,000 ಮೀರಿ ನಗದು ಕೊಟ್ಟರೆ ಆ ಮೊತ್ತ ಆಸ್ತಿಯ ವೆಚ್ಚಕ್ಕೆ ಸೇರದು. ಅದರ ಮೇಲೆ ಸವಕಳಿಯೂ ಸಿಗದು. ಒಂದೇ ವ್ಯವಹಾರದಲ್ಲಿ ರೂ. 2 ಲಕ್ಷ ಅಥವಾ ಹೆಚ್ಚು ನಗದು ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. 2025ರ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದ್ದರೂ ಈ ತತ್ತ್ವಗಳು ಮುಂದುವರಿದಿವೆ. ‘ಅರ್ಧ ಬಿಲ್ಲು, ಅರ್ಧ ನಗದು’ ಎಂಬ ಸಲಹೆಯನ್ನು ಯಾರೇ ಕೊಟ್ಟರೂ ಒಪ್ಪತಕ್ಕದ್ದಲ್ಲ.

ಸವಕಳಿ: ವ್ಯವಹಾರಕ್ಕೆ ಬಳಸುವ ಕಾರಿಗೆ ಶೇ. 15ರ ಸವಕಳಿ ದೊರೆಯುತ್ತದೆ. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಸ್ವಂತ ಬಳಕೆಯ ಪಾಲನ್ನು ಕಳೆಯಲಾಗುತ್ತದೆ. ಮಗನು ಬೆಂಗಳೂರಿನ ಕಾಲೇಜಿಗೆ ಓಡಿಸುವ ಕಾರನ್ನು ಮಂಡಿಯ ಖರ್ಚಿಗೆ ಬರೆಯಲು ಬರುವುದಿಲ್ಲ. ಅಂದಾಜು ಲಾಭದ ಯೋಜನೆಯಲ್ಲಿ ತೆರಿಗೆ ಕಟ್ಟುವವರಿಗೆ ಪ್ರತ್ಯೇಕ ಸವಕಳಿಯೇ ಇಲ್ಲ.

ಜಿ.ಎಸ್.ಟಿ.: ಚಾಲಕರೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನಕ್ಕೆ ಸಾಮಾನ್ಯ ವರ್ತಕರಿಗೆ ಹೂಡುವಳಿ ತೆರಿಗೆಯ ಜಮೆ ಸಿಗದು. 2025ರ ಜನವರಿ 16ರಿಂದ ಎಲ್ಲ ಹಳೆಯ ವಾಹನಗಳ ಮಾರಾಟಕ್ಕೆ ಏಕರೂಪವಾಗಿ ಶೇ. 18ರ ದರವಿದೆ, ಆದರೆ ಅದು ಪೂರ್ಣ ಬೆಲೆಯ ಮೇಲಲ್ಲ, ಮಾರುವವರ ಅಂತರದ ಮೇಲೆ ಮಾತ್ರ. ನೋಂದಾಯಿತ ಸಂಸ್ಥೆಯೊಂದು ಸವಕಳಿ ಪಡೆದ ಕಾರನ್ನು ಮಾರಿದರೆ ಮಾರಾಟ ಬೆಲೆಯಿಂದ ಆದಾಯ ತೆರಿಗೆಯ ಪ್ರಕಾರ ಉಳಿದ ಮೌಲ್ಯವನ್ನು ಕಳೆದು ಬರುವ ಅಂತರಕ್ಕೆ ತೆರಿಗೆ. ಉಳಿದ ಮೌಲ್ಯ ರೂ. 18 ಲಕ್ಷ, ಮಾರಾಟ ರೂ. 21 ಲಕ್ಷವಾದರೆ ರೂ. 3 ಲಕ್ಷಕ್ಕೆ ರೂ. 54,000. ರೂ. 16 ಲಕ್ಷಕ್ಕೆ ಮಾರಿದರೆ ತೆರಿಗೆ ಇಲ್ಲ. ಮಾರುವವರು ಪೂರ್ಣ ಬೆಲೆಗೆ ಶೇ. 18 ಕೇಳಿದರೆ ಲೆಕ್ಕ ತೋರಿಸುವಂತೆ ಕೇಳುವ ಹಕ್ಕು ಖರೀದಿದಾರರಿಗಿದೆ. ನೋಂದಣಿಯಿಲ್ಲದ ವ್ಯಕ್ತಿ ತನ್ನ ಸ್ವಂತ ಕಾರನ್ನು ಮಾರಿದರೆ ಜಿ.ಎಸ್.ಟಿ. ಪ್ರಶ್ನೆಯೇ ಇಲ್ಲ.

ವರ್ಗಾವಣೆ ಮತ್ತು ವಿಮೆ: ತಡಮಾಡಬಾರದ ಕೆಲಸ

ನಮೂನೆ 29 ಮತ್ತು 30ಕ್ಕೆ ಸಹಿ ಪಡೆದು ಬೀರುವಿನಲ್ಲಿ ಇಟ್ಟುಕೊಳ್ಳುವ ರೂಢಿ ಕೆಲವೆಡೆ ಇದೆ. ಇದು ಇಬ್ಬರಿಗೂ ಅಪಾಯಕಾರಿ. ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಕಚೇರಿಗೆ ತಿಳಿಸಬೇಕೆಂಬುದು ನಿಯಮ. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಸ್ಪಷ್ಟಪಡಿಸಿರುವಂತೆ, ಕಾರು ಕೈಬದಲಾಗಿದ್ದರೂ ದಾಖಲೆಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆಗಾರರು. ತಮ್ಮ ಹಳೆಯ ವಾಹನವನ್ನು ಮಾರುವ ಸದಸ್ಯರೂ ಇದನ್ನು ನೆನಪಿಡಬೇಕು.

ಕೊಂಡವರ ಮಟ್ಟಿಗೆ, ಮೂರನೆಯವರ ಹಾನಿಯ ವಿಮೆ ಕಾನೂನಿನಂತೆ ತಾನಾಗಿ ವರ್ಗವಾಗುತ್ತದೆ. ಸ್ವಂತ ಕಾರಿನ ಹಾನಿಯ ವಿಮೆ ಹಾಗಲ್ಲ. ಕಂಪ್ಲೀಟ್ ಇನ್ಸುಲೇಷನ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ, ಪಾಲಿಸಿ ವರ್ಗವಾಗದ ಖರೀದಿದಾರರಿಗೆ ಸ್ವಂತ ಹಾನಿಯ ಪರಿಹಾರವಿಲ್ಲ ಎಂದಿದೆ. ಹದಿನಾಲ್ಕು ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ಇನ್ನೂ ಉತ್ತಮವೆಂದರೆ, ಕಾರು ಕೈಗೆ ಬರುವ ದಿನವೇ ತಮ್ಮ ಹೆಸರಿನಲ್ಲಿ ರಕ್ಷಣೆ ಆರಂಭವಾಗುವಂತೆ ಮೊದಲೇ ಮಾತನಾಡಿಕೊಳ್ಳುವುದು. ಹಿಂದಿನ ಮಾಲೀಕರ ಕ್ಲೇಮು ರಹಿತ ರಿಯಾಯಿತಿ ಅವರಿಗೇ ಸೇರಿದ್ದು. ಅದರ ವ್ಯತ್ಯಾಸದ ಪ್ರೀಮಿಯಂ ಕಟ್ಟಲು ಸಿದ್ಧರಿರಬೇಕು.

ಪಾವತಿಯನ್ನು ಮೂರು ಭಾಗ ಮಾಡುವುದು ಒಳ್ಳೆಯ ಪದ್ಧತಿ. ಅಲ್ಪ ಮುಂಗಡ, ಅದೂ ತಪಾಸಣೆಯಲ್ಲಿ ದೋಷ ಕಂಡರೆ ಹಿಂದಿರುಗಿಸುವ ಲಿಖಿತ ಷರತ್ತಿನ ಮೇಲೆ. ಬಹುಪಾಲು ಮೊತ್ತ, ಮೂಲ ದಾಖಲೆಗಳು ಮತ್ತು ಎರಡೂ ಬೀಗದ ಕೈಗಳು ಕೈಸೇರಿದಾಗ. ಉಳಿದದ್ದು, ನೋಂದಣಿ ತಮ್ಮ ಹೆಸರಿಗೆ ಆದಾಗ. ಎಲ್ಲವೂ ಬ್ಯಾಂಕಿನ ಮೂಲಕ.

ಕಾಗದ, ಯಂತ್ರ, ಲೆಕ್ಕ ಈ ಮೂರೂ ಸರಿಬಂದರೆ ಹಳೆಯ ವೇಗದ ಕಾರು ಕೊಟ್ಟ ಹಣಕ್ಕೆ ತಕ್ಕ ಸಂತೋಷವನ್ನು ನೀಡಬಲ್ಲುದು. ಮೂರರಲ್ಲಿ ಒಂದು ತಪ್ಪಿದರೂ ಬೇರೆ ಕಾರನ್ನು ನೋಡುವುದೇ ಸರಿ; ಬೆಂಗಳೂರಿನ ಮಾರುಕಟ್ಟೆಯಲ್ಲಿ ಕಾರುಗಳಿಗೆ ಬರವಿಲ್ಲ. ತಪಾಸಣೆಗೆ ಮಾಡಿದ ಕೆಲವು ಸಾವಿರ ರೂಪಾಯಿಗಳ ಖರ್ಚು ಕಾರನ್ನು ಕೊಳ್ಳದೆ ಬಂದ ದಿನವೂ ವ್ಯರ್ಥವಾಗಿರುವುದಿಲ್ಲ ಎಂಬುದನ್ನು ಸದಸ್ಯರು ಮನಗಾಣಬೇಕು.